ಅಮ್ಮನ ಪ್ರವಾಸದ ದನಿ

"ಆಮೆಗೆ ಸ್ವಲ್ಪ ನಗೋಕೆ ಹೇಳಿ," ಅಂದರು ಟೋಪಿ ಅಂಕಲ್, ಫೋನನ್ನು ತೊಟ್ಟಿಯ ಮೇಲೆ ಚಾಚಿ ಹಿಡಿದು.

ಆಮೆ ನಗಲಿಲ್ಲ. ನೀಲಿ ತೊಟ್ಟಿಯ ತಳದಿಂದ ಉಸಿರಿಗೆಂದು ನಿಧಾನವಾಗಿ ಮೇಲೆ ಬಂತು. 'ಪುಸ್' ಎಂದು ಫೋನಿನ ಮೇಲೆ ಒಂದಿಷ್ಟು ನೀರು ಸಿಡಿಸಿತು. ಮತ್ತೆ ಕೆಳಗೆ ಹೋಯಿತು.

"ಅದರ ಮುಖದಲ್ಲಿ ನಗು ಇಲ್ಲ," ಅಂದರು ಆಮೆ ಡಾಕ್ಟರು. ಆ ಮಾತು ಹೇಳುವಾಗ ಅವರ ಮುಖದಲ್ಲೂ ಇರಲಿಲ್ಲ.

ಗುಂಪಿನ ಹಿಂದೆ ನಿಂತಿದ್ದ ಮೆಣಸಿಗೆ ಈ ಡಾಕ್ಟರಮ್ಮ ಕೂಡಲೇ ಹಿಡಿಸಿಬಿಟ್ಟರು.

ಮೆಣಸಿಗೆ ಹತ್ತು ವರ್ಷ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳಿಗೆ ಒಂದು ಚೆಂದದ ಹೆಸರಿತ್ತು. ಆದರೆ ಮಾತು ಕಲಿತ ಎರಡೇ ತಿಂಗಳಿಗೆ ಅವಳ ನಾಲಗೆಯ ಖಾರ ನೋಡಿದ ಅಜ್ಜ 'ಮೆಣಸಿ' ಅಂತ ಕರೆದಿದ್ದರು. ಚೆಂದದ ಹೆಸರು ಅವತ್ತಿನಿಂದ ಹಾಜರಿ ಪುಸ್ತಕದಲ್ಲೇ ಉಳಿದುಕೊಂಡಿತು.

ಆ ದಿನ ಅವಳು ಶಾಲೆಯಲ್ಲಿ ಇರಬೇಕಿತ್ತು. ಆದರೆ ಶಾಲೆಯ ನೀರಿನ ಪೈಪ್ ಒಡೆದು, ಐದನೇ ಕ್ಲಾಸಿನಲ್ಲಿ ಮೀನು ಸಾಕುವಷ್ಟು ನೀರು ನಿಂತಿತ್ತು. ಎರಡು ದಿನ ರಜೆ. ಅವಳನ್ನು ನೋಡಿಕೊಳ್ಳುವ ಪಕ್ಕದ ಮನೆಯ ಆಂಟಿ ಊರಲ್ಲಿ ಇರಲಿಲ್ಲ. ಹಾಗಾಗಿ ಅಮ್ಮ ಅವಳನ್ನು ಕೆಲಸಕ್ಕೆ ಕರೆದುಕೊಂಡು ಬಂದಿದ್ದಳು.

ಅಮ್ಮನ ಕೆಲಸ ಟೂರ್ ಗೈಡ್. ಸೇರಿ ಮೂರು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಹದಿನೆಂಟು ಜನರನ್ನು ಮೊದಲು ಕಡಲ ಪ್ರಾಣಿಗಳ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಆಮೇಲೆ ಬೋಟಿನಲ್ಲಿ ದ್ವೀಪಕ್ಕೆ ಹೋಗುವುದು, ಸಂಜೆ ಹದಿನೆಂಟೂ ಜನರನ್ನು ವಾಪಸ್ ತರುವುದು. ಕಂಪನಿಯ ಬಣ್ಣದ ಹಾಳೆಯಲ್ಲಿ ಇದನ್ನು 'ಒಂದೇ ದಿನದಲ್ಲಿ ಸಮುದ್ರ, ದ್ವೀಪ ಮತ್ತು ಕರುಣೆ, ಊಟ ಸೇರಿ' ಅಂತ ಬರೆದಿದ್ದರು. ಕರುಣೆಗೆ ಎಷ್ಟು ಹೊತ್ತು, ಊಟಕ್ಕೆ ಎಷ್ಟು ಹೊತ್ತು ಅಂತಲೂ ಬರೆದಿತ್ತು. ಊಟಕ್ಕೆ ಹತ್ತು ನಿಮಿಷ ಜಾಸ್ತಿ.

"ನನ್ನ ಪ್ರೀತಿಯ ಪ್ರವಾಸಿ ಮಿತ್ರರೇಏಏ," ಅಂತು ಅಮ್ಮನ ಸೊಂಟದ ಮೇಲಿದ್ದ ಸಣ್ಣ ಸ್ಪೀಕರ್. "ದಯವಿಟ್ಟು ಹೀಗೆ ಬನ್ನಿ. ಇಲ್ಲಿ ನಮಗಾಗಿ ಇನ್ನೊಬ್ಬರು ಪುಟ್ಟ ಅತಿಥಿ ಕಾಯುತ್ತಿದ್ದಾರೆ."

ಮೆಣಸಿ ಕಣ್ಣು ಮುಚ್ಚಿಕೊಂಡಳು. ಕಿವಿಗೆ ಮುಚ್ಚಳ ಇಲ್ಲವಲ್ಲ ಅಂತ ಅವಳಿಗೆ ಬೇಜಾರಾಯಿತು.

ಅಮ್ಮನಿಗೆ ಎರಡು ದನಿ ಇದ್ದವು. ಒಂದು ಮನೆಯ ದನಿ. ಅದು ಕುಕ್ಕರ್ ಕೂಗುವಾಗ ಕೇಳಿಸುತ್ತಿರಲಿಲ್ಲ, ಫ್ಯಾನ್ ತಿರುಗುವಾಗಲೂ ಕೇಳಿಸುತ್ತಿರಲಿಲ್ಲ. ಆ ದನಿಯ ಅಮ್ಮ, ಅಂಗಡಿಯವನು ಕೊಳೆತ ಟೊಮೇಟೊ ಹಾಕಿದರೂ ಸುಮ್ಮನೆ ಮನೆಗೆ ತಂದು, "ನೀನೇ ಹೋಗಿ ಬದಲಾಯಿಸ್ಕೊಂಡು ಬಾರೇ," ಎಂದು ಮೆಣಸಿಯನ್ನು ಕಳಿಸುತ್ತಿದ್ದಳು. ಇನ್ನೊಂದು ಈ ಪ್ರವಾಸದ ದನಿ. ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದದ್ದು. ಇದಕ್ಕೆ ಹಲ್ಲು ಇತ್ತು, ರಾಗ ಇತ್ತು, ಬಾಲ ಕೂಡ ಇತ್ತು. 'ಮಿತ್ರರೇ' ಎಂಬ ಪದ ಈ ದನಿಯಲ್ಲಿ ಬೀದಿಯ ಈ ತುದಿಯಲ್ಲಿ ಶುರುವಾಗಿ ಆ ತುದಿಯಲ್ಲಿ ಮುಗಿಯುತ್ತಿತ್ತು.

ಮನೆಯಲ್ಲಿ ಇರುವುದು ನಿಜವಾದ ಅಮ್ಮ, ಇದು ಬರೀ ನಾಟಕ ಎಂದು ಮೆಣಸಿ ಮೂರು ತಿಂಗಳ ಹಿಂದೆಯೇ ತೀರ್ಮಾನ ಮಾಡಿದ್ದಳು. ಇವತ್ತು ನಾಟಕವನ್ನು ಮೊದಲ ಸಲ ಪೂರ್ತಿ ನೋಡುವ ಭಾಗ್ಯ ಸಿಕ್ಕಿತ್ತು.

ಪುಟ್ಟ ಅತಿಥಿ ಎಂದರೆ ಒಂದು ಕಡಲ ಹಕ್ಕಿ. ಅದರ ರೆಕ್ಕೆ ಮುರಿದಿತ್ತಂತೆ, ವಾಸಿಯಾಗಿ ಆರು ತಿಂಗಳಾಯಿತಂತೆ. ಮೂರು ಸಲ ಹೊರಗೆ ಬಿಟ್ಟರೂ ಮೂರು ಸಲವೂ ಮೀನು ಹಂಚುವ ಹೊತ್ತಿಗೆ ಸರಿಯಾಗಿ ವಾಪಸ್ ಬಂದಿತ್ತು. ಅದರ ಪಕ್ಕದ ಬುಟ್ಟಿಯಲ್ಲಿ ಗಾಳದ ಕೊಕ್ಕೆ ನುಂಗಿದ ಒಂದು ಕೊಕ್ಕರೆ ಇತ್ತು. ಅದು ಯಾರನ್ನೂ ನೋಡದೆ ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಟೋಪಿ ಅಂಕಲ್ ಅದಕ್ಕೂ ಈ ಕಡೆ ತಿರುಗಲು ಹೇಳಿದರು.

ಟೋಪಿ ಅಂಕಲ್‌ಗೆ ದೊಡ್ಡ ಅಂಚಿನ ಟೋಪಿ ಇತ್ತು, ದೊಡ್ಡ ಬ್ಯಾಗ್ ಇತ್ತು, ಹನ್ನೆರಡು ವರ್ಷದ ಮಗಳೂ ಇದ್ದಳು. ಮಗಳು ಕಪ್ಪು ಕನ್ನಡಕ ಹಾಕಿಕೊಂಡು, ಚ್ಯೂಯಿಂಗ್ ಗಮ್ ಅಗಿಯುತ್ತಾ, ಎಲ್ಲವನ್ನೂ ಹಿಂದೆಯೇ ನೋಡಿ ಮುಗಿಸಿದವಳ ಹಾಗೆ ನಡೆಯುತ್ತಿದ್ದಳು. ಮೆಣಸಿಗೆ ಅವಳ ಫ್ರೆಂಡ್ ಆಗಬೇಕೆಂದು ಬಹಳ ಆಸೆಯಾಯಿತು. ಅದು ಗೊತ್ತಾಗಬಾರದೆಂದು ಅವಳೂ ಬಾಯಲ್ಲಿ ಏನೂ ಇಲ್ಲದೆ ಅಗಿಯತೊಡಗಿದಳು.

ಅವತ್ತಿನ ಪ್ರವಾಸದಲ್ಲಿ ಒಂದು ವಿಶೇಷ ಇತ್ತು. ಇಪ್ಪತ್ತಮೂರನೇ ನಂಬರಿನ ಆಮೆಯನ್ನು ದ್ವೀಪದ ಮರಳಿನಲ್ಲಿ ಬಿಡುವುದಿತ್ತು. ನಾಲ್ಕು ತಿಂಗಳ ಹಿಂದೆ ಹರಿದ ಬಲೆ ಸುತ್ತಿಕೊಂಡು, ಮುಂದಿನ ಈಜುರೆಕ್ಕೆ ಕತ್ತರಿಸಿಹೋಗುವಂತಾಗಿ ದಡಕ್ಕೆ ಬಂದಿತ್ತಂತೆ ಅದು. ಈಗ ವಾಸಿಯಾಗಿತ್ತು. ಹೆಸರೇನು ಎಂದು ಯಾರೋ ಕೇಳಿದರು. ಇಪ್ಪತ್ತಮೂರು ಅಂದರು ಡಾಕ್ಟರು. ಅದು ಹೆಸರಲ್ಲವಲ್ಲ ಎಂದಾಗ, ಅದು ಸಾಕುಪ್ರಾಣಿಯೂ ಅಲ್ಲ ಅಂದರು. ಹಾಗಿದ್ದರೂ ತೊಟ್ಟಿಯಿಂದ ಬೋಟಿಗೆ ಬರುವಷ್ಟರಲ್ಲಿ ಆಮೆಗೆ ನಾಲ್ಕು ಹೆಸರಾಗಿದ್ದವು. ಟೋಪಿ ಅಂಕಲ್ ಇಟ್ಟದ್ದು 'ಲಕ್ಕಿ'.

ಬೋಟ್ ಹೊರಟಿತು. ಮುಂದುಗಡೆ ಸ್ಪಂಜು ಹಾಸಿದ ದೊಡ್ಡ ಟಬ್‌ನಲ್ಲಿ ಆಮೆ ಮಲಗಿತ್ತು, ಮೇಲೆ ಒದ್ದೆ ಟವೆಲ್ ಹೊದ್ದಿತ್ತು. ಅಮ್ಮ ಈಗ ಸೊಂಟದ ಸ್ಪೀಕರ್ ಬಿಚ್ಚಿಟ್ಟು, ಬೋಟಿನ ದೊಡ್ಡ ಸ್ಪೀಕರಿಗೆ ಸೇರಿದ ಮೈಕ್ ಹಿಡಿದಿದ್ದಳು.

"ಮಿತ್ರರೇಏಏ, ಸ್ವಲ್ಪ ಬಲಕ್ಕೆ ತಿರುಗಿದರೆ ಸಮುದ್ರ ನಿಮಗೊಂದು ಉಡುಗೊರೆ ಕೊಡುತ್ತದೆ. ಅದೇ ನಮ್ಮ ಆನೆ ಬಂಡೆ. ಸೊಂಡಿಲಿಂದ ನೀರು ಕುಡಿಯುತ್ತಿರುವಂತೆ ಕಾಣುತ್ತದೆ."

ಹದಿನೆಂಟು ಜನ ಬಲಕ್ಕೆ ತಿರುಗಿದರು. ಬೋಟೂ ಸ್ವಲ್ಪ ಬಲಕ್ಕೆ ವಾಲಿತು. ಬಂಡೆ ನಿಜಕ್ಕೂ ಚೆನ್ನಾಗಿತ್ತು. ಕಪ್ಪು ಕಲ್ಲಿನ ಕಮಾನು, ಅದರ ಕೆಳಗೆ ಹಸಿರು ನೀರು ಒಳಗೆ ಹೋಗಿ ಬಿಳಿಯಾಗಿ ಹೊರಗೆ ಬರುತ್ತಿತ್ತು. ಮೆಣಸಿಗೆ ಅದನ್ನು ಬಾಯಿ ತೆರೆದು ನೋಡಬೇಕೆನಿಸಿತು. ಆದರೆ ಕನ್ನಡಕದ ಹುಡುಗಿ ನೋಡುತ್ತಿರಲಿಲ್ಲ. ಹಾಗಾಗಿ ಮೆಣಸಿಯೂ ನೋಡಲಿಲ್ಲ.

ಅಷ್ಟರಲ್ಲಿ ಟವೆಲ್ ಒಣಗುತ್ತಿದೆ, ನೀರು ಹಾಕಲು ಒಬ್ಬರು ಬನ್ನಿ ಎಂದು ಡಾಕ್ಟರು ಕರೆದರು. ಅಮ್ಮ ಮೈಕನ್ನು ಹಿಂದಿನ ಸೀಟಿನ ಮೇಲಿಟ್ಟು ಮುಂದಕ್ಕೆ ಹೋದಳು. ಆ ಸೀಟಿನಲ್ಲಿ ಮೆಣಸಿ ಇದ್ದಳು, ಪಕ್ಕದಲ್ಲಿ ಕನ್ನಡಕದ ಹುಡುಗಿ.

"ಅವ್ರು ನಿಮ್ಮಮ್ಮನಾ?" ಅಂದಳು ಹುಡುಗಿ. ಅವಳು ಮೆಣಸಿಯ ಜೊತೆ ಆಡಿದ ಮೊದಲ ಮಾತು ಅದು. "ಮನೇಲೂ ಹೀಗೇ ಮಾತಾಡ್ತಾರಾ?"

ಇಂಥ ಅವಕಾಶ ಮತ್ತೆ ಬರುತ್ತದೆಯೇ. ಮೆಣಸಿ ಮೈಕ್ ಎತ್ತಿಕೊಂಡಳು. ಅದರ ಮೇಲೆ ಒಂದು ಕೆಂಪು ದೀಪ ಇತ್ತು. ಕೆಂಪು ಎಂದರೆ ನಿಲ್ಲು ಅಂತ ರಸ್ತೆಯಲ್ಲಿ ಕಲಿತದ್ದು, ಮೈಕಿನಲ್ಲೂ ಹಾಗೇ ಇರಬೇಕು ಎಂದುಕೊಂಡಳು.

ಕತ್ತನ್ನು ಅಮ್ಮನ ಹಾಗೆ ಒಂದು ಪಕ್ಕಕ್ಕೆ ವಾಲಿಸಿ, ಎಲ್ಲ ಹಲ್ಲೂ ತೋರಿಸಿ, ಮೆಣಸಿ ಶುರುಮಾಡಿದಳು.

"ನನ್ನ ಪ್ರೀತಿಯ ಪ್ರವಾಸಿ ಮಿತ್ರರೇಏಏಏಏ. ಎಡಕ್ಕೆ ತಿರುಗಿದರೆ ನಿಮಗೆ ಒಗೆಯದ ಬಟ್ಟೆ ಬೆಟ್ಟ ಕಾಣುತ್ತದೆ. ಬಲಕ್ಕೆ ತಿರುಗಿದರೆ ತೊಳೆಯದ ಪಾತ್ರೆ ದ್ವೀಪ. ಸಂಜೆ ಏಳಕ್ಕೆ ಇಲ್ಲಿಗೆ ಅಮ್ಮ ಎಂಬ ಅಪರೂಪದ ಪ್ರಾಣಿ ಬಂದು ಕಾಲು ಚಾಚಿ ಕೂರುತ್ತದೆ. ಮಾತಾಡಿಸಿದರೆ 'ಹೂಂ' ಎಂದು ಶಬ್ದ ಮಾಡುತ್ತದೆ. ಈ ಪ್ರಾಣಿ ಪ್ರವಾಸಿಗರಿಗೆ ಮಾತ್ರ ಹಲ್ಲು ತೋರಿಸುತ್ತದೆ. ಮನೆಯವರಿಗೆ ತೋರಿಸುವುದಿಲ್ಲ. ದಯವಿಟ್ಟು ಫೋಟೋ ತೆಗೆದುಕೊಳ್ಳಿ."

ಕನ್ನಡಕದ ಹುಡುಗಿ ನಕ್ಕಳು. ಮೆಣಸಿಗೆ ಖುಷಿಯಾಯಿತು. ಆಮೇಲೆ ಹುಡುಗಿಯ ಅಪ್ಪ ನಕ್ಕರು. ಆಮೇಲೆ ಬೋಟಿನ ಆ ತುದಿಯಲ್ಲಿದ್ದವರೂ ನಕ್ಕರು. ಅಷ್ಟು ದೂರದವರು ಯಾಕೆ ನಗುತ್ತಿದ್ದಾರೆ ಎಂದು ಮೆಣಸಿ ತಲೆ ಎತ್ತಿದಾಗ, ಅವಳದೇ 'ತೆಗೆದುಕೊಳ್ಳಿ' ಚಾವಣಿಯ ದೊಡ್ಡ ಸ್ಪೀಕರಿನಿಂದ ಹೊರಬಿದ್ದು ನೀರಿನ ಮೇಲೆ ಹೋಗುತ್ತಿತ್ತು. ಬೋಟ್ ಓಡಿಸುವ ಮಾಮ ಕೂಡ ಹಿಂತಿರುಗಿ ನೋಡಿದ.

ಅಮ್ಮ ನಗುತ್ತಲೇ ಹಿಂದಕ್ಕೆ ಬಂದಳು. ಅವಳ ಕೈ ಮೊಣಕೈವರೆಗೂ ಒದ್ದೆಯಾಗಿತ್ತು. ಮೆಣಸಿಯ ಕೈಯಿಂದ ಮೈಕ್ ತೆಗೆದುಕೊಂಡು, ಗುಂಡಿ ಒತ್ತಿದಳು. ಕೆಂಪು ದೀಪ ಆರಿತು. ಮೈಕನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೆಣಸಿಗೆ ಬೈಗುಳಕ್ಕೆ ಉತ್ತರ ಕೊಟ್ಟು ಅಭ್ಯಾಸ ಇತ್ತು.

ಅಲ್ಲಿಂದ ಮುಂದೆ ಪ್ರವಾಸದ ದನಿ ಬರಲೇ ಇಲ್ಲ. ಬೋಟು ಜೋಡಿ ಬಂಡೆ ದಾಟಿತು, ಬಿಳಿ ಹಕ್ಕಿಗಳ ಗುಡ್ಡ ದಾಟಿತು. ಅಮ್ಮ ಮನೆಯ ದನಿಯಲ್ಲಿ ಏನೋ ಹೇಳಿದಳು. ಅದು ಎಂಜಿನ್ ಶಬ್ದದಲ್ಲಿ ಮುಳುಗಿಹೋಯಿತು. ಮೆಣಸಿಗೆ ಬೇಕಾಗಿದ್ದು ಅದೇ ತಾನೆ. ರಾಗ ಇಲ್ಲ, ಹಲ್ಲು ಇಲ್ಲ, ಬಾಲ ಇಲ್ಲ. ಬೇಕಾದದ್ದು ಸಿಕ್ಕರೂ ಅವಳಿಗೆ ಯಾಕೋ ಖುಷಿಯಾಗಲಿಲ್ಲ. ಬೋಟಿನ ಕುಲುಕಾಟಕ್ಕೆ ಇರಬೇಕು ಎಂದುಕೊಂಡಳು.

ದ್ವೀಪದಲ್ಲಿ ಇಳಿದ ಮೇಲೆ, ಹಗ್ಗ ಕಟ್ಟಿದ ಕಡೆ ಹೋಗಬೇಡಿ, ಅಲ್ಲಿ ಹಕ್ಕಿಗಳು ಮರಳ ಮೇಲೇ ಮೊಟ್ಟೆ ಇಟ್ಟಿವೆ ಎಂದು ಅಮ್ಮ ಹೇಳಿದಳು. ಮನೆಯ ದನಿಯಲ್ಲೇ ಹೇಳಿದಳು. ಮುಂದಿದ್ದ ಮೂವರಿಗೆ ಕೇಳಿಸಿತು. ಉಳಿದ ಹದಿನೈದು ಜನ ನೇರ ಹಗ್ಗದ ಕಡೆಗೇ ಹೋದರು. ನೂರಾರು ಹಕ್ಕಿಗಳು ಒಟ್ಟಿಗೆ ಎದ್ದು ಚೀರಾಡಿದವು. 'ವಾವ್' ಎಂದು ಎಲ್ಲರೂ ಫೋನ್ ಎತ್ತಿದರು. ಅವು ಸ್ವಾಗತ ಮಾಡುತ್ತಿಲ್ಲ, ಬೈಯುತ್ತಿವೆ ಎಂದು ಯಾರಿಗೂ ಹೊಳೆಯಲಿಲ್ಲ. ಅಮ್ಮ ಮರಳಿನಲ್ಲಿ ಓಡಿಹೋಗಿ, ಒಬ್ಬೊಬ್ಬರ ಹತ್ತಿರವೂ ಬೇಡಿಕೊಂಡು, ಎಲ್ಲರನ್ನೂ ಈಚೆ ಕರೆದುಕೊಂಡು ಬರುವಷ್ಟರಲ್ಲಿ ಅವಳ ಮುಖ ಕೆಂಪಾಗಿತ್ತು.

ಆಮೇಲೆ ಆಮೆಯ ಸರದಿ.

ಡಾಕ್ಟರು ಮತ್ತು ಬೋಟಿನ ಮಾಮ ಟಬ್ಬನ್ನು ಹೊತ್ತು ತಂದು, ಆಮೆಯನ್ನು ನೀರಿಗೆ ಮುಖ ಮಾಡಿ ಮರಳ ಮೇಲೆ ಇಳಿಸಿದರು. ನೀರು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಅದು ತಾನಾಗಿಯೇ ಹೋಗಬೇಕು, ಯಾರೂ ಮುಟ್ಟಬಾರದು ಎಂದರು ಡಾಕ್ಟರು.

ಆದರೆ ಆಮೆಯ ಮುಖ ಫೋಟೋದಲ್ಲಿ ಬರಬೇಕೆಂದರೆ ಅದರ ಎದುರಿಗೆ ನಿಲ್ಲಬೇಕು. ಹಾಗಾಗಿ ಹದಿನೆಂಟು ಜನರೂ ಎದುರಿಗೆ ಹೋಗಿ ನಿಂತರು. ಆಮೆ ತಲೆ ಎತ್ತಿ ಸಮುದ್ರ ಎಲ್ಲಿ ಎಂದು ನೋಡಿತು. ಅಲ್ಲಿ ಸಮುದ್ರ ಇರಲಿಲ್ಲ. ಮೂವತ್ತಾರು ಕಾಲುಗಳಿದ್ದವು.

ಅದು ಎರಡು ಸಲ ಮರಳು ತಳ್ಳಿ, ನಿಂತಿತು. ಜನ ಚಪ್ಪಾಳೆ ತಟ್ಟಿದರು. ಯಾರೋ ಸಿಳ್ಳೆ ಹಾಕಿದರು. ಆಮೆ ನಿಧಾನವಾಗಿ ಸುತ್ತು ತಿರುಗಿ, ಬಂಡೆಗಳ ಕಡೆ ಮುಖ ಮಾಡಿ ಹೊರಟಿತು.

"ಎಲ್ಲರೂ ಹಿಂದೆ ಸರೀರಿ, ತಲೇಲಿ ಏನಾದ್ರೂ ಇದೆಯಾ ನಿಮಗೆ," ಎಂದು ಡಾಕ್ಟರು ಕೂಗಿದರು. ಡಾಕ್ಟರಿಗೆ ಆಮೆಗಳ ಜೊತೆ ಇದ್ದಷ್ಟು ಸಲಿಗೆ ಮನುಷ್ಯರ ಜೊತೆ ಇರಲಿಲ್ಲ. ಯಾರೂ ಸರಿಯಲಿಲ್ಲ. ಬದಲಿಗೆ ಎಲ್ಲರಿಗೂ ಸಿಟ್ಟು ಬಂತು.

ಟೋಪಿ ಅಂಕಲ್ ಬ್ಯಾಗಿನಿಂದ ಕಂಪನಿಯ ಬಣ್ಣದ ಹಾಳೆ ತೆಗೆದರು. 'ನಿಮ್ಮ ಕಣ್ಣಾರೆ ಆಮೆಯ ಬಿಡುಗಡೆ' ಎಂದು ಇರಬೇಕಾದ ಕಡೆ 'ನಿಮ್ಮ ಕೈಯಾರೆ' ಎಂದು ಅಚ್ಚಾಗಿತ್ತು. ಆ ಸಾಲಿನ ಕೆಳಗೆ ಅವರು ಪೆನ್ನಿನಲ್ಲಿ ಗೆರೆಯನ್ನೂ ಎಳೆದಿದ್ದರು. ಕೈಯಾರೆ ಎಂದರೆ ಕೈಯಾರೆ, ನಾನೇ ಎತ್ತಿ ನೀರಿಗೆ ಬಿಡುತ್ತೇನೆ, ಇಲ್ಲದಿದ್ದರೆ ಆಫೀಸಿಗೆ ದೂರು ಕೊಡುತ್ತೇನೆ ಎಂದರು. ಷರ್ಟಿನ ತೋಳು ಮಡಚತೊಡಗಿದರು.

ದೂರು ಎಂಬ ಮಾತು ಮೆಣಸಿಗೆ ಕೇಳಿಸಿತು. ಅಮ್ಮನಿಗಿಂತ ಮೊದಲು ಈ ಕೆಲಸದಲ್ಲಿ ಇದ್ದವರನ್ನು ಎರಡು ದೂರು ಬಂದದ್ದಕ್ಕೆ ಕಳಿಸಿಬಿಟ್ಟಿದ್ದರು ಎಂದು ಅವಳಿಗೆ ಗೊತ್ತಿತ್ತು.

ಅವಳು ಒದ್ದೆ ಟವೆಲ್ ಹಿಡಿದು ಟಬ್ಬಿನ ಹತ್ತಿರವೇ ನಿಂತಿದ್ದಳು. ಡಾಕ್ಟರು ಅಮ್ಮನಿಗೆ ಮೆಲ್ಲಗೆ ಹೇಳಿದ್ದೂ ಕೇಳಿಸಿತು. "ಬಿಸಿಲು ಏರ್ತಿದೆ. ಹೆದರಿಕೆಗೆ ಇದು ಸುಸ್ತಾದ್ರೆ ಮತ್ತೆ ತೊಟ್ಟಿಗೇ ತಗೊಂಡು ಹೋಗಬೇಕು. ಇನ್ನೊಂದು ತಿಂಗಳು. ಇವರನ್ನ ಹೇಗಾದ್ರೂ ಸರಿಸಿ. ನನಗೆ ಇದೆಲ್ಲ ಬರಲ್ಲ."

ಅಮ್ಮ ಬಾಯಿ ತೆರೆದಳು. ದಯವಿಟ್ಟು ಎಂದಳು. ಅದು ಮೆಣಸಿಗೆ ಕೇಳಿಸಿತು, ಆಮೆಗೆ ಕೇಳಿಸಿರಬಹುದು, ಬೇರೆ ಯಾರಿಗೂ ಕೇಳಿಸಲಿಲ್ಲ. ಅಮ್ಮ ಒಂದು ಸಲ ಮೆಣಸಿಯ ಕಡೆ ನೋಡಿದಳು. ಆಮೇಲೆ ಆಮೆಯನ್ನು ದಾಟಿ ಮುಂದೆ ಹೋಗಿ, ಆಮೆಗೂ ಜನಕ್ಕೂ ನಡುವೆ ನಿಂತಳು. ಮೈಕ್ ದೂರದಲ್ಲಿ, ಬೋಟಿನಲ್ಲಿ, ಜಿಪ್ ಎಳೆದ ಬ್ಯಾಗಿನೊಳಗೆ ಇತ್ತು.

"ನನ್ನ ಪ್ರೀತಿಯ ಪ್ರವಾಸಿ ಮಿತ್ರರೇಏಏ."

ಅದೇ ದನಿ. ಅದೇ ಪಾಕ, ಅದೇ ಬಾಲ. ಯಂತ್ರವಿಲ್ಲದೆಯೇ ಅದು ಬಂಡೆಗಳವರೆಗೂ ಹೋಯಿತು. ಎಲ್ಲರೂ ತಿರುಗಿದರು. ಬೋಟಿನಲ್ಲಿ ಕೇಳಿದ್ದು ನೆನಪಾಗಿ ಎರಡು ಮೂರು ಜನ ಕಿಸಕ್ಕನೆ ನಕ್ಕರು. ಅಮ್ಮನಿಗೆ ಅದು ಕೇಳಿಸಿತು. ಅವಳ ಭುಜ ಒಂದು ಕ್ಷಣ ಗಟ್ಟಿಯಾದದ್ದು ಹಿಂದಿದ್ದ ಮೆಣಸಿಗೆ ಕಂಡಿತು. ಆದರೂ ದನಿ ನಿಲ್ಲಲಿಲ್ಲ.

"ಇವತ್ತಿನ ಅತ್ಯಂತ ಒಳ್ಳೆಯ ಫೋಟೋ ಎಲ್ಲಿಂದ ಸಿಗುತ್ತದೆ ಗೊತ್ತೇ? ಅಗೋ, ಆ ಚಪ್ಪಟೆ ಬಂಡೆಯ ಮೇಲಿಂದ. ಅಲ್ಲಿ ನಿಂತರೆ ಆಮೆ, ಅಲೆ, ಆಕಾಶ ಮೂರೂ ಒಂದೇ ಚಿತ್ರದಲ್ಲಿ ಬರುತ್ತವೆ. ಇಲ್ಲಿಂದ ತೆಗೆದರೆ ಬರೀ ಆಮೆಯ ಮೂಗು ಬರುತ್ತದೆ."

ಕೆಲವರು ಬಂಡೆಯ ಕಡೆ ನೋಡಿದರು.

"ಇನ್ನು ಈ ಹಾಳೆಯಲ್ಲಿ 'ಕೈಯಾರೆ' ಎಂದು ಬರೆದಿದೆ. ಅದು ತಪ್ಪು. ನಾವು ಮಾಡಿದ ತಪ್ಪು. ದೂರು ಕೊಡುವವರು ನನ್ನ ಮೇಲೆಯೇ ಕೊಡಿ, ಬೇಕಾದರೆ ಪೆನ್ನು ನಾನೇ ತಂದುಕೊಡುತ್ತೇನೆ. ಆದರೆ ಆಮೆ ನೀರಿಗೆ ಹೋದ ಮೇಲೆ. ಅದು ನಾಲ್ಕು ತಿಂಗಳು ಕಾದಿದೆ, ನಾವು ಹತ್ತು ನಿಮಿಷ ಕಾಯೋಣ. ಟೋಪಿ ಹಾಕಿರುವ ನಮ್ಮ ಹಿರಿಯರು ಎಲ್ಲರನ್ನೂ ಬಂಡೆಗೆ ಕರೆದುಕೊಂಡು ಹೋಗಿ, ಯಾರೂ ಕೆಳಗಿಳಿಯದಂತೆ ನೋಡಿಕೊಳ್ಳುತ್ತಾರೆ. ಇಂಥ ಜವಾಬ್ದಾರಿ ಎಲ್ಲರ ಕೈಲೂ ಆಗುವುದಿಲ್ಲ."

ಟೋಪಿ ಅಂಕಲ್ ಮಡಚಿದ ತೋಳನ್ನು ನೋಡಿಕೊಂಡರು. ಆ ತೋಳಿಗೆ ಈಗ ಬೇರೆ ಕೆಲಸ ಸಿಕ್ಕಿತ್ತು.

ಎದುರಿಗಿದ್ದ ಹದಿನೆಂಟು ಜನರಿಗೂ ಕಂಡದ್ದು ಅಮ್ಮನ ನಗುಮುಖ. ಹಿಂದೆ ನಿಂತಿದ್ದ ಮೆಣಸಿಗೆ ಕಂಡದ್ದು ಅಮ್ಮನ ಕೈಗಳು. ಅಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಒಂದು ಕೈ ಇನ್ನೊಂದು ಕೈಯ ಹೆಬ್ಬೆರಳನ್ನು ಉಗುರು ಬಿಳಿಚುವಷ್ಟು ಗಟ್ಟಿಯಾಗಿ ಹಿಡಿದಿತ್ತು. ಬೆರಳುಗಳು ಚಳಿಗೆ ಸಿಕ್ಕಿದಂತೆ ನಡುಗುತ್ತಿದ್ದವು. ದನಿ ಎಷ್ಟು ಸಿಹಿಯಾಗುತ್ತಿತ್ತೋ ಬೆರಳು ಅಷ್ಟು ಜಾಸ್ತಿ ನಡುಗುತ್ತಿದ್ದವು.

ಮೆಣಸಿ ಆ ಕೈಗಳನ್ನೇ ನೋಡುತ್ತಾ ನಿಂತಳು. ಕೊಳೆತ ಟೊಮೇಟೊ ಹಿಡಿದು ಅಂಗಡಿಗೆ ಹೋಗಲಾರದ ಅಮ್ಮ, ಮನೆಯ ಅಮ್ಮ, ಇಲ್ಲೇ ಇದ್ದಳು. ಎಲ್ಲಿಗೂ ಹೋಗಿರಲಿಲ್ಲ.

ಅಷ್ಟರಲ್ಲಿ ಕನ್ನಡಕದ ಹುಡುಗಿ ಗುಂಪು ಬಿಟ್ಟು, ಟಬ್ಬನ್ನು ಸುತ್ತು ಹಾಕಿ ಮೆಣಸಿಯ ಹತ್ತಿರ ಬಂದಳು. "ನಿಮ್ಮಮ್ಮನ ಥರ ಈಗ ಮಾಡು, ಈಗ ಮಾಡು, ಹಿಂದೆ ನಿಂತ್ಕೊಂಡೇ ಮಾಡು," ಎಂದು ಪಿಸುಗುಟ್ಟಿದಳು.

ಮೆಣಸಿ ಒಂದು ಹೆಜ್ಜೆ ಎಡಕ್ಕೆ ಸರಿದು, ಆ ಹುಡುಗಿಗೂ ಅಮ್ಮನ ಬೆನ್ನಿಗೂ ನಡುವೆ ನಿಂತಳು. ಸಾಲದು ಎನಿಸಿತು. ಒದ್ದೆ ಟವೆಲನ್ನು ಎರಡೂ ಕೈಯಲ್ಲಿ ಅಗಲವಾಗಿ ಬಿಡಿಸಿ ಹಿಡಿದುಕೊಂಡಳು, ಹಿಂಡುವವಳ ಹಾಗೆ. ಹುಡುಗಿ ಆ ಕಡೆಯಿಂದ ಇಣುಕಿದರೆ ಟವೆಲ್ ಆ ಕಡೆ ಹೋಯಿತು, ಈ ಕಡೆಯಿಂದ ಇಣುಕಿದರೆ ಈ ಕಡೆ ಬಂತು. ಕೊನೆಗೆ ಹುಡುಗಿಗೆ ಬೇಸರವಾಗಿ, ಅಪ್ಪನ ಹಿಂದೆ ಬಂಡೆಗೆ ಹೋದಳು.

ಮರಳು ಖಾಲಿಯಾಯಿತು. ಸಮುದ್ರ ಮತ್ತೆ ತನ್ನ ಜಾಗಕ್ಕೆ ಬಂತು.

ಡಾಕ್ಟರು ಮತ್ತು ಬೋಟಿನ ಮಾಮ ಆಮೆಯನ್ನು ಮೆಲ್ಲಗೆ ಎತ್ತಿ ನೀರಿನ ಕಡೆ ತಿರುಗಿಸಿದರು. ಅದು ತುಂಬ ಹೊತ್ತು ಏನೂ ಮಾಡಲಿಲ್ಲ. ಉಸಿರು ಬಿಟ್ಟಿತು. ಕಣ್ಣು ಮುಚ್ಚಿ ತೆರೆದು ಅದರಲ್ಲಿದ್ದ ಮರಳನ್ನು ತೆಗೆಯಿತು. ಆಮೇಲೆ ಒಂದು ತಳ್ಳು, ಒಂದು ವಿಶ್ರಾಂತಿ. ಒಂದು ತಳ್ಳು, ಒಂದು ವಿಶ್ರಾಂತಿ. ಗಾಯವಾಗಿದ್ದ ಈಜುರೆಕ್ಕೆ ಮರಳಿನಲ್ಲಿ ಸ್ವಲ್ಪ ಓರೆಯಾಗಿ ಗೆರೆ ಎಳೆಯುತ್ತಿತ್ತು. ಇಪ್ಪತ್ತು ಹೆಜ್ಜೆಗೆ ಹನ್ನೊಂದು ನಿಮಿಷ ಹಿಡಿಯಿತು. ಮೊದಲ ಅಲೆ ಬೆನ್ನು ತೋಯಿಸಿತು. ಎರಡನೇ ಅಲೆ ಅದನ್ನು ಎತ್ತಿತು. ಅಷ್ಟು ಭಾರದ, ಅಷ್ಟು ಸೋಮಾರಿಯಾಗಿ ಕಂಡ ಪ್ರಾಣಿ ನೀರು ಸಿಕ್ಕ ಕೂಡಲೇ ಹಕ್ಕಿಯ ಹಾಗೆ ಎರಡೂ ರೆಕ್ಕೆ ಬೀಸಿ, ಇಲ್ಲವಾಯಿತು.

ಟೋಪಿ ಅಂಕಲ್‌ಗೆ ಅದು ಕಾಣಲಿಲ್ಲ. ಯಾರೋ ಬಂಡೆಯಿಂದ ಒಂದು ಕಾಲು ಕೆಳಗಿಟ್ಟರೆಂದು ಅವರು ಆ ಹೊತ್ತಿಗೆ ಸರಿಯಾಗಿ ಆ ಕಡೆ ತಿರುಗಿ ಗದರುತ್ತಿದ್ದರು. ಆಮೇಲೆ ಫೋನಿನ ವಿಡಿಯೋ ನೋಡಿದರೆ ಹನ್ನೊಂದು ನಿಮಿಷವೂ ಅವರ ಹೆಬ್ಬೆರಳೇ ಬಂದಿತ್ತು. ನಾಲ್ಕು ತಿಂಗಳು ನೋಡಿಕೊಂಡವರ ಕಡೆ ಒಂದು ಸಲ ತಿರುಗಿಯೂ ನೋಡಲಿಲ್ಲವಲ್ಲ ಎಂದು ಅವರು ಆಮೆಯ ಮೇಲೆ ಬೇಸರ ಮಾಡಿಕೊಂಡರು. ಡಾಕ್ಟರಿಗೆ ಆ ಬೇಸರ ಇದ್ದಂತೆ ಕಾಣಲಿಲ್ಲ. ಅವರು ಮೆಣಸಿಯ ಕೈಯಿಂದ ಆಮೆಯ ಟವೆಲ್ ತೆಗೆದುಕೊಂಡು, ಅದರಲ್ಲೇ ಮೂಗು ಒರೆಸಿಕೊಂಡು, ಖಾಲಿ ಟಬ್ಬನ್ನು ಎತ್ತಿದರು.

ವಾಪಸ್ ಬರುವಾಗ ಎಲ್ಲರಿಗೂ ಬ್ರೆಡ್ಡು ಬಾಳೆಹಣ್ಣು ಕೊಟ್ಟು ಮುಗಿಸಿ, ಅಮ್ಮ ಹಿಂದಿನ ಸೀಟಿಗೆ ಬಂದು ಮೆಣಸಿಯ ಪಕ್ಕದಲ್ಲಿ ಕೂತಳು.

"ನಾನು ಮನೇಲಿ 'ಹೂಂ' ಅಂತೀನೇನೇ?" ಅಂದಳು ಅಮ್ಮ. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು.

"ಒಂದೊಂದು ಸಲ 'ಹೂಂ ಹೂಂ' ಅಂತೀಯ," ಅಂದಳು ಮೆಣಸಿ. ಆಮೇಲೆ ಬೋಟಿನ ಕಂಬಿಗೆ ಹೇಳುವವಳ ಹಾಗೆ, "ಸಾರಿ," ಅಂದಳು.

"ನೀನು ಮಾಡಿದ್ದು ಚೆನ್ನಾಗೇ ಇತ್ತು. 'ಮಿತ್ರರೇ' ಮಾತ್ರ ಸುಮ್ಮನೆ ಎಳೆದೆ."

"ನೀನು ಸುಮ್ಮನೆ ಎಳೆಯಲ್ವಾ?"

"ಇಲ್ಲ. ಹದಿನೆಂಟು ಜನ ನನ್ನನ್ನೇ ನೋಡಿದ್ರೆ ಮುಂದಿನ ಮಾತು ಮರೆತೇಹೋಗುತ್ತೆ. ಎಳೀತಾ ಇದ್ರೆ, ಅಷ್ಟರಲ್ಲಿ ನೆನಪಾಗುತ್ತೆ."

ಮೆಣಸಿಗೆ ನಗು ಬಂತು. ಅಮ್ಮನಿಗೂ ಬಂತು. ಆದರೆ ಅಮ್ಮನ ಗಂಟಲಿನಿಂದ ಬರೀ ಗಾಳಿ ಹೊರಗೆ ಬಂತು.

ದಡದಲ್ಲಿ ಎಲ್ಲರೂ ಇಳಿದರು. ಟೋಪಿ ಅಂಕಲ್ ದೂರಿನ ಕಾಗದ ಕೇಳಲಿಲ್ಲ. ಬಂಡೆಯ ಮೇಲೆ ತಾವು ಜನರನ್ನು ಹೇಗೆ ನಿಭಾಯಿಸಿದರೆಂದು ಫೋನಿನಲ್ಲಿ ಯಾರಿಗೋ ಹೇಳುತ್ತಾ ಹೊರಟುಹೋದರು. ಕನ್ನಡಕದ ಹುಡುಗಿ ಮಾತ್ರ ಓಡಿಬಂದು, ಆ ಮಿಮಿಕ್ರಿ ಇನ್ನೊಂದು ಸಲ ಮಾಡು, ವಿಡಿಯೋ ಮಾಡ್ಕೋತೀನಿ, ಕ್ಲಾಸಲ್ಲಿ ಎಲ್ಲರಿಗೂ ತೋರಿಸ್ತೀನಿ ಎಂದಳು.

"ಬರಲ್ಲ," ಅಂದಳು ಮೆಣಸಿ.

"ಆಗ ಬಂತಲ್ಲ?"

"ಆಗ ಸುಲಭ ಇತ್ತು."

ಹುಡುಗಿಗೆ ಅರ್ಥವಾಗಲಿಲ್ಲ. ಗಮ್ ಅಗಿಯುತ್ತಾ ಹೋದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಎರಡು ಸೀಟು ಸಿಕ್ಕಿತು. ಕೂತ ಎರಡೇ ನಿಮಿಷದಲ್ಲಿ ಅಮ್ಮ ಮೆಣಸಿಯ ಭುಜಕ್ಕೆ ಒರಗಿ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದಿತ್ತು, ಕೂದಲಲ್ಲಿ ಮರಳು ಇತ್ತು. ಮೆಣಸಿಯ ಕೈ ಜೋಮು ಹಿಡಿಯಿತು. ಅವಳು ಅಲುಗಾಡಲಿಲ್ಲ.

ಕಂಡಕ್ಟರ್ ಹೊಸಬ. ಯೂನಿಫಾರಂನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಪ್ರತಿ ಸ್ಟಾಪ್ ಬಂದಾಗಲೂ ಬಾಗಿಲ ಹತ್ತಿರ ನಿಂತು, ಕತ್ತಿನ ನರ ಉಬ್ಬಿಸಿ, "ಇಳಿಯೋರು ಬೇಗ ಇಳಿಯೀಈಈ, ಹತ್ತೋರು ಒಳಗೆ ಹೋಗೀಈಈ," ಎಂದು ರಾಗ ಎಳೆದು ಕೂಗುತ್ತಿದ್ದ. ಹಿಂದಿನ ಸೀಟಿನ ಹುಡುಗರು ಪ್ರತಿ ಸಲವೂ ಅವನ ಹಾಗೇ 'ಹೋಗೀಈಈ' ಎಂದು ಕೂಗಿ ಬಿದ್ದು ಬಿದ್ದು ನಗುತ್ತಿದ್ದರು. ನಿಜ ಹೇಳಬೇಕೆಂದರೆ ಅವರು ಚೆನ್ನಾಗಿಯೇ ಮಾಡುತ್ತಿದ್ದರು.

ಬಸ್ಸಿನಲ್ಲಿ ಎಲ್ಲರೂ ಕಂಡಕ್ಟರನ ಮುಖ ನೋಡಿದರು. ಮೆಣಸಿ ಮಾತ್ರ ಕತ್ತು ಉದ್ದ ಮಾಡಿ, ಅಮ್ಮ ಎಚ್ಚರವಾಗದ ಹಾಗೆ, ಅವನ ಬೆನ್ನ ಹಿಂದಿದ್ದ ಕೈಯನ್ನು ನೋಡಿದಳು.

ಅದು ಒಂದು ಹಳೆಯ ಟಿಕೆಟ್ಟನ್ನು ಸಣ್ಣಗೆ ಮಡಚುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಮಡಚುತ್ತಿತ್ತು.